ದಂಡಿನ ಜಾಝ್: ಪ್ಲೇಟಿಗೆ ಹತ್ತಿದ್ದು, ಹತ್ತದೇ ಹೋದದ್ದು

ಶಿವಾಜಿನಗರದ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಹಳೇ ಸಾಮಾನಿನ ಅಂಗಡಿಯೊಂದಿದೆ. ಕೆ.ಆರ್. ಪುರದ ಕಸದ ಸುದ್ದಿ ಡೆಸ್ಕಿಗೆ ಕಳಿಸಿ, ಪುರುಸೊತ್ತು ಸಿಕ್ಕ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಮುರಿದ ಫ್ಯಾನು, ಹೊಲಿಗೆ ಮೆಷಿನ್ನುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಗ್ರಾಮಫೋನ್ ಪ್ಲೇಟುಗಳಿದ್ದವು. ಫ್ರೇಜರ್ ಟೌನಿನಲ್ಲಿ ಯಾರೋ ಮನೆ ಖಾಲಿ ಮಾಡಿದಾಗ ಬಂದವಂತೆ, ಮಕ್ಕಳೆಲ್ಲ ಆಸ್ಟ್ರೇಲಿಯಾದಲ್ಲಿದ್ದಾರಂತೆ. ಒಂದು ಪ್ಲೇಟಿನ ಲೇಬಲ್ ಮೇಲೆ ಹಾಡಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಫಾಕ್ಸ್‌ಟ್ರಾಟ್’ ಎಂದಿತ್ತು. ಕುಣಿಯುವ ಹೆಜ್ಜೆಯ ಹೆಸರು ಅದು. ಕೊಳ್ಳುವವರಿಗೆ ಹಾಡಿಗಿಂತ ಮೊದಲು ಹೆಜ್ಜೆ ಗೊತ್ತಾಗಬೇಕಿತ್ತು.

‘ನೂರು ಕೊಡಿ ಸಾರ್, ತಗೊಂಡ್ ಹೋಗಿ’ ಎಂದ ಅಂಗಡಿಯವ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಪ್ಲೇಟನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ, ‘ಗೀರು ಕಡಿಮೆ ಇದೆ, ತಗೊಳ್ಳಿ’ ಎಂದರು. ಹೀಗೆ ಪರಿಚಯವಾಯಿತು. ಹಲಸೂರಿನವರು, ಕಾರ್ಖಾನೆಯೊಂದರಿಂದ ನಿವೃತ್ತರಾದ ಆಂಗ್ಲೋ ಇಂಡಿಯನ್. ಅವರ ಮನೆಯಲ್ಲಿ ಕುಳಿತು ಕೇಳಿದ್ದು, ಆಮೇಲೆ ಓದಿದ್ದು ಸೇರಿ ಈ ಬರಹ.

ಬೆಂಗಳೂರಿಗೆ ಆಗ ಎರಡು ಮೈ. ಪೇಟೆ ಒಂದು, ದಂಡು ಇನ್ನೊಂದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೇನೆ ಅಲ್ಲಿನ ಮಲೇರಿಯಾಕ್ಕೆ ಹೆದರಿತು. 1809ರಲ್ಲಿ ಪೇಟೆಯ ಪೂರ್ವಕ್ಕೆ ದಂಡು ಪ್ರದೇಶ ಶುರುವಾಯಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸಾದಾಗಲೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು, ಮೈಸೂರಿಗೆ ಸೇರಿದ್ದು 1947ರಲ್ಲಿ. ಅಷ್ಟು ವರ್ಷ ಕಬ್ಬನ್ ಪಾರ್ಕಿನ ಆಚೆ ಒಂದು ಸಂಗೀತ, ಈಚೆ ಇನ್ನೊಂದು. ರೆಜಿಮೆಂಟಿನ ಬ್ಯಾಂಡು, ಚರ್ಚಿನ ಕಾಯರ್, ಕ್ಲಬ್ಬಿನ ಶನಿವಾರದ ಡ್ಯಾನ್ಸು ದಂಡಿನವು. ಬೌರಿಂಗ್ ಇನ್‌ಸ್ಟಿಟ್ಯೂಟ್, ಬೆಂಗಳೂರು ಕ್ಲಬ್ ಎರಡೂ 1868ರಲ್ಲಿ ಹುಟ್ಟಿದವು. ಜಾಝ್ ಬಂದದ್ದು ಈ ಡ್ಯಾನ್ಸಿನ ಬಾಗಿಲಿನಿಂದಲೇ. ಕುಳಿತು ಕೇಳುವ ಸಂಗೀತವಾಗಿ ಅಲ್ಲ.

ಅರಮನೆ ಕಡೆಯ ರೆಕಾರ್ಡ್ ಹುಚ್ಚಿನ ದಾರಿಯೇ ಬೇರೆ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಶಾಸ್ತ್ರೀಯದ ಕಡೆಯವರು. ರಷ್ಯಾದ ಮೆಡ್ನರ್ ಎಂಬ ಸಂಯೋಜಕ ಲಂಡನ್ನಿನಲ್ಲಿ ಹೆಚ್ಚುಕಡಿಮೆ ಮರೆತುಹೋಗಿದ್ದಾಗ, ದುಡ್ಡು ಕೊಟ್ಟು ಮೆಡ್ನರ್ ಸೊಸೈಟಿ ಕಟ್ಟಿಸಿದರು. ಎಚ್‌ಎಂವಿ ಮುದ್ರಿಸಿದ ಆ ಪ್ಲೇಟುಗಳು ಮುಂದೆ ಸಿಡಿಯಾಗಿ ಮತ್ತೆ ಬಂದವು. ಮಹಾರಾಜರು ಮನಸ್ಸು ಮಾಡಿದ್ದರಿಂದ ಆ ಸಂಗೀತ ಉಳಿಯಿತು. ದಂಡಿನ ಡ್ಯಾನ್ಸ್ ಬ್ಯಾಂಡಿಗೆ ಅಂಥ ಮಹಾರಾಜರು ಯಾರಿದ್ದರು?

ಮುಂಬೈಯ ಕಥೆ ಗೊತ್ತಿರುವಂಥದ್ದು. 1935ರಲ್ಲಿ ಲಿಯೋನ್ ಆಬಿಯ ಕರಿಯರ ಬ್ಯಾಂಡು ತಾಜ್ ಹೋಟೆಲಿಗೆ ಬಂತು. ಗೋವಾದ ಕಲಾವಿದರು ನೋಡಿ ಕಲಿತರು, ಅವರಲ್ಲಿ ಹಲವರು ಹಿಂದಿ ಸಿನಿಮಾದ ವಾದ್ಯವೃಂದಕ್ಕೆ ಹೋದರು. ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಕಲ್ಕತ್ತೆಯಲ್ಲಿ ನುಡಿಸಿ, ಪ್ಲೇಟು ಮಾಡಿ, 1945ರಲ್ಲಿ ಅಲ್ಲೇ ಕಾಲರಾಕ್ಕೆ ಬಲಿಯಾದ. ನರೇಶ್ ಫರ್ನಾಂಡಿಸ್ 2012ರಲ್ಲಿ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಬರೆದದ್ದರಿಂದ ಆ ಹೆಸರುಗಳು ಇವತ್ತು ಬಾಯಲ್ಲಿವೆ. ಪ್ಲೇಟು ಒತ್ತುವ ಕಾರ್ಖಾನೆ ಇದ್ದದ್ದು ಕಲ್ಕತ್ತೆಯ ದಮ್‌ದಮ್‌ನಲ್ಲಿ, ಸಿನಿಮಾದ ದುಡ್ಡು ಇದ್ದದ್ದು ಮುಂಬೈಯಲ್ಲಿ. ಬೆಂಗಳೂರು ದಂಡಿನಲ್ಲಿ ಇದ್ದದ್ದು ಕುಣಿಯುವವರು ಮಾತ್ರ.

ಆ ಪ್ಲೇಟಿನ ಲೆಕ್ಕವನ್ನೂ ಹೇಳಬೇಕು. ಅರಗಿನಿಂದ ಮಾಡಿದ ಹತ್ತಂಗುಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ, ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ. ಕ್ಲಬ್ಬಿನಲ್ಲಿ ಹತ್ತು ನಿಮಿಷ ಎಳೆಯುತ್ತಿದ್ದ ಹಾಡು ಪ್ಲೇಟಿಗೆ ಬಂದಾಗ ಮೂರು ನಿಮಿಷಕ್ಕೆ ಕುಗ್ಗುತ್ತಿತ್ತು. ಕೈಜಾರಿದರೆ ಚೂರು.

ಯುದ್ಧದ ವರ್ಷಗಳಲ್ಲಿ ಅಮೆರಿಕನ್ನರು ನೇರವಾಗಿ ನಮ್ಮ ಪೂರ್ವಕ್ಕೇ ಬಂದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ವಿಮಾನ ರಿಪೇರಿ ಡಿಪೊ ಆಯಿತು. ಅದೇ ವರ್ಷ ಅಮೆರಿಕ ತನ್ನ ಸೈನಿಕರಿಗೆಂದೇ ‘ವಿ-ಡಿಸ್ಕ್’ ಎಂಬ ಪ್ಲೇಟುಗಳನ್ನು ಮಾಡಿ ದೇಶದೇಶಕ್ಕೆ ಕಳಿಸತೊಡಗಿತು. ಯುದ್ಧ ಮುಗಿದ ಮೇಲೆ ಅವನ್ನು ನಾಶ ಮಾಡಬೇಕೆಂಬುದು ಒಪ್ಪಂದ. ಮಾರಬಾರದ ಪ್ಲೇಟು ಅಂದಮೇಲೆ ಸಂಗ್ರಹಕಾರರು ಇವತ್ತಿಗೂ ಅದನ್ನೇ ಹುಡುಕುವುದು ಸಹಜ. 1955ರಿಂದ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕಾನೋವರ್ ಶಾರ್ಟ್‌ವೇವಿನಲ್ಲಿ ಜಾಝ್ ಕೇಳಿಸಿದರು. ಹಲಸೂರಿನ ಹಿರಿಯರು ಹುಡುಗರಾಗಿದ್ದಾಗ ಇಡೀ ಬೀದಿಗೆ ಒಂದೇ ರೇಡಿಯೊ ಸುತ್ತ ಕೂತು, ಗೊರಗೊರ ಸದ್ದಿನ ನಡುವೆ ಹೆಸರು ಬರೆದುಕೊಳ್ಳುತ್ತಿದ್ದರಂತೆ. ಆ ಪಟ್ಟಿ ಹಿಡಿದು ಪ್ಲೇಟು ಹುಡುಕಿದರೆ ಸಿಕ್ಕದ್ದು ಹತ್ತಕ್ಕೆ ಒಂದು.

ಇಷ್ಟರಲ್ಲಿ ಅವರು ಬೀರುವಿನಿಂದ ಒಂದು ಎಲ್‌ಪಿ ತೆಗೆದರು. ‘ಇದು ನಿಮ್ಮೂರಿನವರದೇ’ ಎಂದರು. ‘ಜ್ಯೋತಿ’, 1983, ಮ್ಯೂನಿಕ್‌ನ ಇಸಿಎಂ ಕಂಪನಿ, ನಂಬರ್ 1256. ಸ್ಯಾಕ್ಸೊಫೋನ್, ಕೊಳಲು ಬಾಸ್ಟನ್ನಿನ ಚಾರ್ಲಿ ಮರಿಯಾನೊ. ಉಳಿದವರೆಲ್ಲ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು: ಗಾಯನಕ್ಕೆ ಆರ್.ಎ. ರಮಾಮಣಿ, ಮೃದಂಗಕ್ಕೆ ಟಿ.ಎ.ಎಸ್. ಮಣಿ, ಘಟ-ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜರಿಗೆ ಟಿ.ಎನ್. ಶಶಿಕುಮಾರ್.

ಮಣಿ ಈ ಶಾಲೆ ಕಟ್ಟಿದ್ದು 1964ರಲ್ಲಿ. ಮರಿಯಾನೊ ಹಗುರದ ಆಸಾಮಿಯಲ್ಲ. 1963ರಲ್ಲಿ ಚಾರ್ಲ್ಸ್ ಮಿಂಗಸ್ ಮಾಡಿದ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ನುಡಿಸಿದವರು. ಆಮೇಲೆ ನಾಗಸ್ವರದ ಹುಚ್ಚು ಹಿಡಿದು ದಕ್ಷಿಣ ಭಾರತಕ್ಕೆ ಬಂದು ಕಲಿತರು. ‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಡ್ರಮ್ ಸೆಟ್ ಇಲ್ಲ. ಮೊದಲ ಹಾಡು ಬರೀ ರಮಾಮಣಿಯವರ ಧ್ವನಿ. ಇದು ಜಾಝೇ ಅಲ್ಲ ಎಂದು ಸಂಗ್ರಹಕಾರರಲ್ಲಿ ಜಗಳವಿದೆ. ನನಗೆ ಆ ಜಗಳ ದೊಡ್ಡದಾಗಿ ಕಾಣುವುದಿಲ್ಲ. ಕಲ್ಪನಾಸ್ವರ ಹಾಕುವವರೂ ಸ್ಯಾಕ್ಸೊಫೋನ್ ಸೋಲೊ ಬಾರಿಸುವವರೂ ಆ ಕ್ಷಣಕ್ಕೆ ಹೊಳೆದದ್ದನ್ನು ತಾಳದ ಲೆಕ್ಕಕ್ಕೆ ತಪ್ಪದೆ ಕೂಡಿಸುವವರೇ. ನಮ್ಮೂರ ದೇವಸ್ಥಾನದಲ್ಲಿ ತನಿ ಆವರ್ತನ ಕೇಳಿ ತೊಡೆ ತಟ್ಟಿದವರಿಗೆ ಈ ಎಲ್‌ಪಿಯ ಕೊನ್ನಕೋಲು ಹೊಸದೇನಲ್ಲ.

ನನ್ನನ್ನು ಕುಟುಕಿದ್ದು ಬೇರೆ. 1983ರಲ್ಲಿ ಈ ನಾಲ್ವರನ್ನು ಮುದ್ರಿಸಲು ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನ ಸ್ಟುಡಿಯೊ ಬೇಕಾಯಿತು. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೆ ಸಂಗೀತ ಕಛೇರಿಯ ವರದಿ ಬರೆಯುವುದನ್ನು ಕಲಿಸಿದರು, ಅಲ್ಲಿ ಈ ಹೆಸರು ಕೇಳಲಿಲ್ಲ. ಮರಿಯಾನೊ 2009ರಲ್ಲಿ ತೀರಿಕೊಂಡರು, ಮಣಿ 2020ರಲ್ಲಿ. ಆದರೂ ‘ಜ್ಯೋತಿ’ಯನ್ನು ಕೇಳಬಹುದು. ಮುದ್ರಣವಾದದ್ದು ಮತ್ತೆ ಮತ್ತೆ ಬರುತ್ತದೆ, ಎಲ್‌ಪಿಯಾಗಿ, ಸಿಡಿಯಾಗಿ, ಫೋನಿನಲ್ಲಿ. ದಂಡಿನ ಬ್ಯಾಂಡುಗಳಿಗೆ ಮರುಮುದ್ರಣವೆಂಬುದು ಹೇಗೆ ಬಂದೀತು, ಮೊದಲ ಮುದ್ರಣವೇ ಆಗದಿದ್ದರೆ?

ಹಿರಿಯರು ನನ್ನ ನೂರು ರೂಪಾಯಿಯ ಫಾಕ್ಸ್‌ಟ್ರಾಟ್ ಹಾಕಿದರು. ಸೂಜಿ ಕರಕರ ಎಂದು, ಆಮೇಲೆ ಟ್ರಂಪೆಟ್ ಎದ್ದಿತು. ಅವರು ತಾಳ ಹಾಕಿದ್ದು ಟ್ರಂಪೆಟ್ಟಿಗಲ್ಲ, ಹಿಂದೆ ಮೆಲ್ಲಗೆ ದುಮುದುಮು ಎನ್ನುತ್ತಿದ್ದ ಬಾಸಿಗೆ. ‘ನಮ್ಮಪ್ಪ ಬಾಸ್ ಬಾರಿಸ್ತಿದ್ರು, ಕ್ಲಬ್ಬಲ್ಲಿ. ಹಗಲು ರೈಲ್ವೆ, ರಾತ್ರಿ ಬಾಸ್. ಯಾವ ಪ್ಲೇಟಲ್ಲೂ ಇಲ್ಲ.’ ಮೂರು ನಿಮಿಷ ಮುಗಿದು ಸೂಜಿ ಒಳಗಿನ ಗೆರೆಯಲ್ಲಿ ಸುತ್ತತೊಡಗಿತು. ‘ಪರ್ತ್‌ನಲ್ಲಿ ನನ್ ತಂಗಿ ಹತ್ರ ಬ್ಯಾಂಡಿನ ಒಂದು ಫೋಟೊ ಇದೆ. ಹಿಂದೆ ಎಲ್ಲರ ಹೆಸರೂ ಬರೆದಿದೆ. ತರಿಸ್ತೀನಿ, ಮುಂದಿನ ತಿಂಗಳು ಬನ್ನಿ’ ಎಂದರು.