ದೂರವಾಣಿ ಹಾಗೂ ವಿಡಿಯೋ ಮೂಲಕ ಮಕ್ಕಳ ಫಿಸಿಯೋಥೆರಪಿ: ಪೋಷಕರ ಅನುಭವ ಮತ್ತು ಮಾಹಿತಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಒಳಪಟ್ಟಿರುತ್ತವೆ. ಪಾವಗಡದಿಂದ ಜಿಲ್ಲಾ ಕೇಂದ್ರವು ಸುಮಾರು 100 ಕಿ.ಮೀ. ದೂರದಲ್ಲಿದೆ. ನಡೆಯಲಾಗದ ಮಗುವನ್ನು ಎತ್ತಿಕೊಂಡು ಅಷ್ಟು ದೂರ ಬಸ್ಸಿನಲ್ಲಿ ಹೋಗಿಬರುವ ಪೋಷಕರಿಗೆ ಪ್ರಯಾಣ ವೆಚ್ಚದೊಂದಿಗೆ ಆ ದಿನದ ಕೂಲಿಯೂ ನಷ್ಟವಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ವಿಡಿಯೋ ಕರೆಯ ಮೂಲಕ ಮಾರ್ಗದರ್ಶನ ಪಡೆಯುವ ಕ್ರಮವು ಹೆಚ್ಚು ಬಳಕೆಗೆ ಬಂದಿತು.

ಪೋಷಕರು ಎದುರಿಸುವ ತೊಂದರೆಗಳು

ಕೇಂದ್ರದಲ್ಲಿ ಚಿಕಿತ್ಸಕರ ಕೈ ಮಾಡುವ ಕೆಲಸವನ್ನು ಮನೆಯಲ್ಲಿ ತಾಯಿ ಅಥವಾ ತಂದೆಯ ಕೈ ಮಾಡಬೇಕಾಗುತ್ತದೆ. ಸೆರೆಬ್ರಲ್ ಪಾಲ್ಸಿ ಎನ್ನಲಾಗುವ ಮೆದುಳಿನ ಪಾರ್ಶ್ವವಾಯು ಇರುವ ಮಗುವಿನ ಸ್ನಾಯುಗಳ ಬಿಗಿತ ಎಷ್ಟಿದೆ ಎಂಬುದು ಮುಟ್ಟಿದಾಗ ಮಾತ್ರ ತಿಳಿಯುವಂಥದು, ಪರದೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಮೊದಲ ತಪಾಸಣೆಯನ್ನು ಖುದ್ದಾಗಿ ಮಾಡಿಸತಕ್ಕದ್ದು. ಅಂದೇ ಪ್ರತಿಯೊಂದು ಅಭ್ಯಾಸವನ್ನು ಚಿಕಿತ್ಸಕರ ಎದುರಿನಲ್ಲಿ ಪೋಷಕರು ತಾವೇ ಮಾಡಿ ತೋರಿಸಿ ಕಲಿತುಕೊಳ್ಳುವುದು ಸೂಕ್ತ.

ಅಪರಿಚಿತರ ಮಾತು ಕೇಳುವ ಮಗು ತಾಯಿಯ ಬಳಿ ಹಠ ಮಾಡುವುದು ಸಾಮಾನ್ಯ. ಇದನ್ನು ತಾಯಿಯ ಅಸಮರ್ಥತೆ ಎಂದು ಭಾವಿಸಬೇಕಾಗಿಲ್ಲ. ಅಭ್ಯಾಸವನ್ನು ಸ್ನಾನ, ಬಟ್ಟೆ ತೊಡಿಸುವುದು, ಆಟ ಇವುಗಳೊಂದಿಗೆ ಸೇರಿಸಿ ಸ್ವಲ್ಪ ಸ್ವಲ್ಪವಾಗಿ ಮಾಡಿಸಬಹುದು. ಊಟವಾದ ಕೂಡಲೇ ಮಾಡಿಸಬಾರದು. ಮನೆಗೆಲಸದ ಜೊತೆಗೆ ಈ ಹೊಣೆಯೂ ತಾಯಿಯೊಬ್ಬಳ ಮೇಲೆಯೇ ಬೀಳುವುದು ಹೆಚ್ಚಾಗಿ ಕಂಡುಬರುವುದರಿಂದ, ಮನೆಯ ಮತ್ತೊಬ್ಬರೂ ಕಲಿತಿರುವುದು ಅವಶ್ಯಕ.

ಕರೆಯ ಸಮಯದಲ್ಲಿ ಮಗುವನ್ನು ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ, ಸೊಂಟ, ಮಂಡಿ ಮತ್ತು ಪಾದ ಮೂರೂ ಕಾಣುವಂತೆ ಮೊಬೈಲನ್ನು ಪಕ್ಕದಲ್ಲಿ ಇಡುವುದು. ಸಿಗ್ನಲ್ ದೊರೆಯದ ಗ್ರಾಮಗಳವರು ಚಿಕಿತ್ಸಕರನ್ನು ಕೇಳಿಕೊಂಡು, ಒಂದೆರಡು ನಿಮಿಷದ ವಿಡಿಯೋ ಮಾಡಿ ಸಿಗ್ನಲ್ ಇರುವಲ್ಲಿಂದ ಕಳುಹಿಸಬಹುದು. ಇಂತಹ ವಿಡಿಯೋಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬಾರದು.

ಕೂಡಲೇ ಖುದ್ದಾಗಿ ತೋರಿಸಬೇಕಾದ ಸಂದರ್ಭಗಳು

ಒಂದು ಕಾಲು ಗಿಡ್ಡವಾಗಿ ಕಾಣುವುದು, ಬಟ್ಟೆ ಬದಲಿಸುವಾಗ ತೊಡೆಗಳನ್ನು ಅಗಲಿಸಲು ಮೊದಲಿಗಿಂತ ಕಷ್ಟವಾಗುವುದು ಅಥವಾ ಮಗು ನೋವಿನಿಂದ ಅಳುವುದು ಕಂಡುಬಂದಲ್ಲಿ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಸೊಂಟದ ಕೀಲು ಜಾರುತ್ತಿರುವುದನ್ನು ಎಕ್ಸ್-ರೇ ಮೂಲಕವೇ ಖಚಿತಪಡಿಸಬೇಕಾಗುತ್ತದೆ. ತಡವಾದಲ್ಲಿ ಶಸ್ತ್ರಚಿಕಿತ್ಸೆ ದೊಡ್ಡದಾಗುವ ಸಂಭವವಿರುತ್ತದೆ. ಕೀಲು ಊದಿಕೊಂಡಾಗ, ಫಿಟ್ಸ್ ಬಂದಾಗ ಸಹ ಇದೇ ಕ್ರಮ ಅನುಸರಿಸುವುದು. ಕ್ಯಾಲಿಪರ್ ಧರಿಸುವ ಮಗು ಬೆಳೆದಂತೆ ಅದು ಬಿಗಿಯಾಗುವುದರಿಂದ ಚರ್ಮದ ಮೇಲಿನ ಕೆಂಪು ಗುರುತುಗಳನ್ನು ಪ್ರತಿದಿನ ನೋಡತಕ್ಕದ್ದು.

ಸೌಲಭ್ಯಗಳು

ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಅನ್ವಯ ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳು ಉಚಿತ ಶಿಕ್ಷಣಕ್ಕೆ ಹಕ್ಕುಳ್ಳವರು. ಶಾಲೆಗೆ ಬರಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಶಿಕ್ಷಣದ ಅವಕಾಶವಿದ್ದು, ಪೋಷಕರು ಆಯಾ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಂಪನ್ಮೂಲ ಶಿಕ್ಷಕರನ್ನು ಸಂಪರ್ಕಿಸಬಹುದು. ಇನ್ನೂ ಶಾಲೆಗೆ ಸೇರದ ಶಿಶುಗಳ ವಿಷಯದಲ್ಲಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಗಾಗಿ ಅಂಗನವಾಡಿ ಕಾರ್ಯಕರ್ತೆಯರಿಗೆ ತಿಳಿಸುವುದು.

ಇ-ಸಂಜೀವಿನಿ ಮೂಲಕ ವೈದ್ಯರ ಸಲಹೆ ಉಚಿತವಾಗಿ ದೊರೆಯುತ್ತದೆ. ಆದರೆ ಅದು ಫಿಸಿಯೋಥೆರಪಿಗೆ ಪರ್ಯಾಯವಲ್ಲ. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಯಡಿ ಮೆದುಳಿನ ಪಾರ್ಶ್ವವಾಯು, ಆಟಿಸಂ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ 1 ಲಕ್ಷ ರೂ.ವರೆಗೆ ರಕ್ಷಣೆಯಿದ್ದು, ಥೆರಪಿ ವೆಚ್ಚವೂ ನಿಗದಿತ ಮಿತಿಯಲ್ಲಿ ಸೇರಿರುತ್ತದೆ. ವೈದ್ಯರ ಚೀಟಿ ಮತ್ತು ಮೂಲ ರಸೀದಿಗಳನ್ನು ಕಾಯ್ದಿರಿಸಿಕೊಳ್ಳುವುದು.

ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸಬೇಕು. ವೈಕಲ್ಯದ ಪ್ರಮಾಣ ನಿರ್ಧರಿಸಲು ವಿಡಿಯೋಗಳನ್ನು ಆಧಾರವಾಗಿ ನೀಡಲಾಗದು. ಮಗುವನ್ನು ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರುಪಡಿಸತಕ್ಕದ್ದು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವನ್ನು ಪಡೆಯಬಹುದು.