ಅಡುಗೆಮನೆಯ ಸಂಗೀತ, ಧರ್ಮಕೇಂದ್ರದ ಬದುಕು: ಐರ್ಲೆಂಡಿನ ಕ್ಲೇರ್ ಜಿಲ್ಲೆಯ ಸಣ್ಣ ಪೇಟೆಗಳು

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಸಮೀಪವಾಗಿ, ಕ್ಲೇರ್ ಜಿಲ್ಲೆಯ ಮಿಲ್‌ಟೌನ್ ಮಾಲ್‌ಬೇ ಎಂಬ ಪೇಟೆಯಿದೆ. ಜನಸಂಖ್ಯೆ ಸಾವಿರದ ಆಸುಪಾಸು. ಒಂದು ಮುಖ್ಯ ಬೀದಿ, ಚರ್ಚ್, ಶಾಲೆಗಳು, ಕೆಲವು ಅಂಗಡಿಗಳು, ಪಬ್‌ಗಳು. ವರ್ಷದ ಹೆಚ್ಚಿನ ದಿನಗಳಲ್ಲಿ ಇದು ಸದ್ದಿಲ್ಲದ ಊರು. ಆದರೆ ಜುಲೈ ತಿಂಗಳ ಮೊದಲ ಶನಿವಾರ ಬಂತೆಂದರೆ ಪಿಟೀಲು, ಕೊಳಲು, ಕನ್ಸರ್ಟೀನಾ ಹಿಡಿದ ಜನರು ದೇಶ ವಿದೇಶಗಳಿಂದ ಇಲ್ಲಿಗೆ ಬಂದಿಳಿಯುತ್ತಾರೆ. ಮುಂದಿನ ಒಂಬತ್ತು ದಿನ ಇಡೀ ಊರೇ ಒಂದು ಸಂಗೀತ ಶಾಲೆ.

ಇಷ್ಟು ಸಣ್ಣ ಊರಿಗೆ ಇಂತಹ ಸ್ಥಾನ ಹೇಗೆ ಬಂತು? ಅಲ್ಲಿಯ ಸಂಗೀತ ಮನೆಗಳಲ್ಲಿ ಹುಟ್ಟಿ ಧರ್ಮಕೇಂದ್ರದ ಬದುಕಿನೊಂದಿಗೆ ಬೆಳೆಯಿತು. ಒಂದು ಕಾಲದಲ್ಲಿ ಬಹುಮಟ್ಟಿಗೆ ಅಳಿವಿನಂಚಿಗೂ ಬಂತು. ಅದನ್ನು ಅಲ್ಲಿಗೆ ತಳ್ಳುವುದರಲ್ಲಿ ಧರ್ಮಸಭೆಯ ಪಾಲೂ ಇತ್ತು, ಎತ್ತಿ ನಿಲ್ಲಿಸುವುದರಲ್ಲಿ ಕೆಲವು ಧರ್ಮಗುರುಗಳ ಪಾಲೂ ಇತ್ತು. ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಎಲ್ಲರೂ ತಿಳಿದಿರಬೇಕಾದ ಇತಿಹಾಸವಿದು.

ಧರ್ಮಕೇಂದ್ರವೇ ಊರಿನ ಗುರುತು

ಗ್ರಾಮೀಣ ಐರ್ಲೆಂಡಿನಲ್ಲಿ ಧರ್ಮಕೇಂದ್ರ ಎಂದರೆ ಭಾನುವಾರದ ಬಲಿಪೂಜೆಗೆ ಸೇರುವ ಸ್ಥಳ ಮಾತ್ರವಲ್ಲ. 'ನೀವು ಯಾವ ಊರಿನವರು?' ಎಂಬ ಪ್ರಶ್ನೆಗೆ ಅನೇಕರು ಕೊಡುವ ಉತ್ತರ ತಮ್ಮ ಧರ್ಮಕೇಂದ್ರದ ಹೆಸರು. ಇದಕ್ಕೆ ಐತಿಹಾಸಿಕ ಕಾರಣಗಳಿವೆ. 17ನೇ ಶತಮಾನದ ಕೊನೆಯಿಂದ ಕಥೋಲಿಕರ ಮೇಲೆ ದಂಡನಾ ಕಾನೂನುಗಳು ಹೇರಲ್ಪಟ್ಟಾಗ ಬಲಿಪೂಜೆ ಬಯಲಿನಲ್ಲಿ, ಬಂಡೆಗಳ ಮರೆಯಲ್ಲಿ, ಮನೆಗಳೊಳಗೆ ನಡೆಯುತ್ತಿತ್ತು. 1828ರಲ್ಲಿ ಡೇನಿಯಲ್ ಓಕಾನೆಲ್ ಅವರನ್ನು ಉಪಚುನಾವಣೆಯಲ್ಲಿ ಗೆಲ್ಲಿಸಿ, ಮರುವರ್ಷ ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆಸಿದವರು ಇದೇ ಕ್ಲೇರ್ ಜಿಲ್ಲೆಯ ಮತದಾರರು.

ಮನೆಯಲ್ಲಿ ಬಲಿಪೂಜೆ ಅರ್ಪಿಸುವ ಆ ಪದ್ಧತಿ 'ಸ್ಟೇಷನ್' ಎಂಬ ಹೆಸರಿನಲ್ಲಿ ಉಳಿದುಕೊಂಡಿತು. ಇದು ಶಿಲುಬೆ ಹಾದಿಯ ಸ್ಥಳಗಳಿಗೆ ಸಂಬಂಧಿಸಿದ್ದಲ್ಲ. ಒಂದು ಪ್ರದೇಶದ ಮನೆಗಳು ಸರದಿಯಂತೆ ನೆರೆಹೊರೆಯವರನ್ನು ಕರೆದು ಬಲಿಪೂಜೆ ನಡೆಸುತ್ತವೆ. ಸರದಿ ಬಂದ ಮನೆಯಲ್ಲಿ ಗೋಡೆಗೆ ಸುಣ್ಣ ಬಳಿಯುವುದು, ಬಾಗಿಲಿಗೆ ಬಣ್ಣ ಹಚ್ಚುವುದು ರೂಢಿ. ಪೂಜೆಯ ನಂತರ ಎಲ್ಲರಿಗೂ ಊಟೋಪಚಾರ, ಅನೇಕ ಕಡೆ ಹಾಡು, ಪಿಟೀಲು ಕೂಡ.

ಕ್ರೀಡೆಯಲ್ಲೂ ಇದೇ ವ್ಯವಸ್ಥೆ. 1884ರ ನವೆಂಬರ್ 1ರಂದು ಥರ್ಲ್ಸ್ ಪೇಟೆಯಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ತನ್ನ ಕ್ಲಬ್‌ಗಳನ್ನು ಧರ್ಮಕೇಂದ್ರಗಳ ಆಧಾರದ ಮೇಲೆ ಕಟ್ಟಿತು. ಅದರ ಮೊದಲ ಪೋಷಕರಲ್ಲಿ ಒಬ್ಬರು ಕ್ಯಾಶೆಲ್ ಮಹಾಧರ್ಮಾಧ್ಯಕ್ಷ ಅತಿ ವಂದನೀಯ ಥಾಮಸ್ ಕ್ರೋಕ್. ಡಬ್ಲಿನ್‌ನ ದೊಡ್ಡ ಕ್ರೀಡಾಂಗಣ ಕ್ರೋಕ್ ಪಾರ್ಕ್ ಅವರ ಹೆಸರನ್ನೇ ಹೊತ್ತಿದೆ. ಆಟಗಾರರಿಗೆ ಇಂದಿಗೂ ಸಂಬಳವಿಲ್ಲ. ತಮ್ಮ ಊರಿಗಾಗಿ ಆಡುತ್ತಾರೆ.

ಮನೆಯೊಳಗಿನ ಕುಣಿತ

1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆ ನಾಶವಾಗಿ ಉಂಟಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಕ್ಲೇರ್ ಜಿಲ್ಲೆಯಲ್ಲಿ 1841ರಲ್ಲಿ ಸುಮಾರು 2 ಲಕ್ಷ 86 ಸಾವಿರ ಜನರಿದ್ದರು. 2022ರ ಜನಗಣತಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಒಂದು ಕುಟುಂಬ ಹೊರಟರೆ ಅದರ ಹಾಡು, ರಾಗ, ಕಥೆಗಳೂ ಹೊರಡುತ್ತಿದ್ದವು. ಅಮೆರಿಕಕ್ಕೆ ಹೋಗುವವರನ್ನು ಬೀಳ್ಕೊಡುವ ಹಿಂದಿನ ರಾತ್ರಿಗೆ 'ಅಮೆರಿಕನ್ ವೇಕ್' ಎಂದು ಹೆಸರು. 'ವೇಕ್' ಎಂದರೆ ಸತ್ತವರ ಮನೆಯಲ್ಲಿ ನಡೆಯುವ ಜಾಗರಣೆ. ಹೋದವರು ಮರಳಿ ಬರುವ ಸಂಭವ ಕಡಿಮೆಯಾಗಿದ್ದುದರಿಂದ ಅದೇ ಹೆಸರು ನಿಂತಿತು. ಆ ರಾತ್ರಿಯೂ ಸಂಗೀತ ಇರುತ್ತಿತ್ತು.

ಉಳಿದವರ ಸಂಗೀತಕ್ಕೆ ನೆಲೆಯಾದದ್ದು ಅಡುಗೆಮನೆ. ಹಳ್ಳಿಮನೆಯಲ್ಲಿ ಒಲೆ ಇರುವ ಆ ಕೋಣೆಯೇ ದೊಡ್ಡದು. ಸಂಜೆ ನೆರೆಯವರು ಬಂದು ಕುಳಿತು ಮಾತು, ಕಥೆ, ಹಾಡಿನಲ್ಲಿ ಹೊತ್ತು ಕಳೆಯುವರು. ಕುಣಿತವಿದ್ದರೆ ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸಿ, ಕಲ್ಲುಚಪ್ಪಡಿಯ ನೆಲದ ಮೇಲೆ ನಾಲ್ಕು ಜೋಡಿಗಳು ಎದುರುಬದುರು ನಿಂತು 'ಸೆಟ್' ಕುಣಿಯುವರು. ಒಬ್ಬ ಪಿಟೀಲುಗಾರನೋ ಕನ್ಸರ್ಟೀನಾ ನುಡಿಸುವ ಹೆಂಗಸೋ ಇದ್ದರೆ ಸಾಕು. ಪುಟ್ಟ ಕೈಪೆಟ್ಟಿಗೆಯಂತಿರುವ ಕನ್ಸರ್ಟೀನಾ ಕ್ಲೇರ್ ಜಿಲ್ಲೆಯ ಮಹಿಳೆಯರ ಕೈಯಲ್ಲಿ ವಿಶೇಷವಾಗಿ ಬೆಳೆಯಿತು. ಕಿಲ್‌ರಶ್ ಪೇಟೆಯ ಎಲಿಜಬೆತ್ ಕ್ರಾಟಿ (1885–1960) ಇದರಲ್ಲಿ ಹೆಸರಾದವರು. ಡಿಸೆಂಬರ್ 26ರ ಸಂತ ಸ್ತೆಫಾನರ ಹಬ್ಬದಂದು ವೇಷ ಹಾಕಿ ಮನೆಮನೆಗೆ ಹೋಗುವ ತಂಡಗಳು ಕೂಡಿಸಿದ ಹಣವೂ ಮುಂದೆ ಒಂದು ಕುಣಿತಕ್ಕೇ ಖರ್ಚಾಗುತ್ತಿತ್ತು. ಇಲ್ಲಿ ಟಿಕೆಟ್ ಕೊಂಡ ಪ್ರೇಕ್ಷಕರು ಇರಲಿಲ್ಲ. ಬಂದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಪಾಲುದಾರರು. ಮಕ್ಕಳು ಮೂಲೆಯಲ್ಲಿ ಕುಳಿತು ನೋಡಿ ಕೇಳಿಯೇ ಕಲಿತರು.

1935ರ ಕಾನೂನು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕೂಟಗಳ ಬಗ್ಗೆ ಧರ್ಮಸಭೆಯ ಹಿರಿಯರಲ್ಲಿ ಆತಂಕ ಮೂಡಿತು. ತಡರಾತ್ರಿಯ ಕುಣಿತ, ಮದ್ಯ, ಯುವಕ ಯುವತಿಯರ ನಡವಳಿಕೆ ಅವರ ಚಿಂತೆಯಾಗಿತ್ತು. 1925ರಲ್ಲಿ ಐರ್ಲೆಂಡಿನ ಧರ್ಮಾಧ್ಯಕ್ಷರು ಮೇನೂತ್‌ನಿಂದ ಹೊರಡಿಸಿದ ಹೇಳಿಕೆಯನ್ನು ಚರ್ಚುಗಳಲ್ಲಿ ಓದಲಾಯಿತು. ಅದು ಮುಖ್ಯವಾಗಿ ಹೊರಗಿನಿಂದ ಬಂದ ಹೊಸ ಕುಣಿತಗಳನ್ನು ಟೀಕಿಸಿತ್ತು, ಐರಿಷ್ ಕುಣಿತಗಳನ್ನಲ್ಲ. ಹತ್ತು ವರ್ಷಗಳ ಬಳಿಕ, 1935ರಲ್ಲಿ, ಸರಕಾರ ಸಾರ್ವಜನಿಕ ನೃತ್ಯಶಾಲೆಗಳ ಕಾಯಿದೆಯನ್ನು ತಂದಿತು. ಸಾರ್ವಜನಿಕ ಕುಣಿತಕ್ಕೆ ಜಿಲ್ಲಾ ನ್ಯಾಯಾಲಯದ ಪರವಾನಗಿ ಕಡ್ಡಾಯವಾಯಿತು.

ಕಾಯಿದೆಯ ಹೆಸರಿನಲ್ಲಿದ್ದುದು ನೃತ್ಯಶಾಲೆ. ಆದರೆ ಅದರ ಬಿಸಿ ತಟ್ಟಿದ್ದು ಹಳ್ಳಿಯ ಮನೆಗಳಿಗೆ. ಅನೇಕ ಕಡೆ ಪೊಲೀಸರು ಮತ್ತು ಧರ್ಮಗುರುಗಳು ಮನೆಯ ಕುಣಿತವನ್ನೂ ಅದೇ ಕಾಯಿದೆಯಡಿ ತಡೆದರು. ಅದರ ಬದಲು ಧರ್ಮಕೇಂದ್ರದ ಸಭಾಂಗಣಗಳಲ್ಲಿ ಟಿಕೆಟ್ ಪಡೆದು ಕುಣಿತ ಏರ್ಪಡಿಸಲಾಯಿತು. ಮಿಲ್‌ಟೌನ್ ಮಾಲ್‌ಬೇ ಸಮೀಪದ ಪಿಟೀಲುಗಾರ ಜೂನಿಯರ್ ಕ್ರೆಹನ್ (1908–1998) ಆ ದಿನಗಳನ್ನು ಕೊನೆಯವರೆಗೂ ನೋವಿನಿಂದ ನೆನೆಯುತ್ತಿದ್ದರು. ಮನೆಯ ಕುಣಿತ ನಿಂತುಹೋದುದಕ್ಕಾಗಿ ಒಂದು ಶೋಕರಾಗವನ್ನೇ ಅವರು ರಚಿಸಿದರು.

ಹಿರಿಯರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂದು ಹೇಳಬಹುದು. ಆದರೆ ಪರಿಣಾಮವನ್ನು ಮರೆಮಾಚುವಂತಿಲ್ಲ. ದೊಡ್ಡ ಸಭಾಂಗಣದಲ್ಲಿ ಒಂಟಿ ಪಿಟೀಲಿನ ದನಿ ಕೇಳಿಸದು. ಅದಕ್ಕೆ ವಾದ್ಯವೃಂದ ಬೇಕು. ಊರಿನ ಸಾಧಾರಣ ವಾದಕ ಮನೆಯಲ್ಲೇ ಉಳಿದ. ಅಜ್ಜ, ಮಗಳು, ಮೊಮ್ಮಗ ಒಂದೇ ನೆಲದ ಮೇಲೆ ಕೂಡುತ್ತಿದ್ದ ಜಾಗ ಇಲ್ಲವಾಯಿತು. ಅದರ ಮೇಲೆ 1950ರ ದಶಕದಲ್ಲಿ ಸುಮಾರು 4 ಲಕ್ಷ ಜನ ದೇಶ ಬಿಟ್ಟರು. ಕಲಿಸುವವರಿದ್ದರೂ ಕಲಿಯುವವರಿಲ್ಲದ ಸ್ಥಿತಿ ಬಂತು.

ಬೆಂಬಲವಾಗಿ ನಿಂತ ಧರ್ಮಗುರುಗಳು

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಕ್ಲೇರ್ ಜಿಲ್ಲೆಯ ಕಿಲ್‌ಫೆನೋರಾದಲ್ಲಿ 1909ರಲ್ಲಿ ರೂಪುಗೊಂಡ ಕೇಲಿ ವಾದ್ಯವೃಂದದ ಆರಂಭ, ಊರಿನ ಚರ್ಚಿಗೆ ಹಣ ಸಂಗ್ರಹಿಸುವ ಕುಣಿತಕೂಟಗಳಲ್ಲಿ. 'ಕೇಲಿ' ಎಂದರೆ ಸಂಗೀತ ಕುಣಿತಗಳ ಕೂಟ. 1954ರಿಂದ 1956ರವರೆಗೆ ಸತತ ಮೂರು ವರ್ಷ ಅಖಿಲ ಐರ್ಲೆಂಡ್ ಪ್ರಶಸ್ತಿ ಪಡೆದ ಈ ತಂಡ ಇಂದಿಗೂ ನುಡಿಸುತ್ತಿದೆ. ನೆರೆಯ ಗಾಲ್ವೇ ಜಿಲ್ಲೆಯ ಬಾಲಿನಕಿಲ್‌ನಲ್ಲಿ 1920ರ ದಶಕದಲ್ಲಿ ಊರಿನ ವಾದಕರನ್ನು ಒಟ್ಟುಗೂಡಿಸಿ ತಂಡ ಕಟ್ಟಿದವರು ವಂದನೀಯ ಟಾಮ್ ಲಾರ್ಕಿನ್.

ಚರ್ಚ್ ಆಫ್ ಐರ್ಲೆಂಡ್‌ನ ಧರ್ಮಗುರು ಜೇಮ್ಸ್ ಗುಡ್‌ಮನ್ (1828–1896) ಅವರನ್ನೂ ಇಲ್ಲಿ ಗೌರವದಿಂದ ನೆನೆಯಬೇಕು. ಸ್ವತಃ ವಾದಕರಾಗಿದ್ದ ಅವರು ಕ್ಷಾಮದ ನಂತರದ ವರ್ಷಗಳಲ್ಲಿ ವಾದಕರಿಂದ ಕೇಳಿ ಬರೆದುಕೊಂಡ ರಾಗಗಳು ಅನೇಕ. ಇಂದು ಆ ಹಸ್ತಪ್ರತಿಗಳು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿವೆ.

ಸಂಗೀತ ಉಳಿಯಬೇಕಾದರೆ ಊರಿನಲ್ಲಿ ಜನ ಉಳಿಯಬೇಕು. ಈ ದಿಸೆಯಲ್ಲಿ ದುಡಿದವರು ಟಿಪ್ಪರರಿ ಜಿಲ್ಲೆಯ ವಂದನೀಯ ಜಾನ್ ಹೇಸ್. ಅವರು 1930ರ ದಶಕದಲ್ಲಿ ಸ್ಥಾಪಿಸಿದ 'ಮುಂಟಿರ್ ನ ಟೀರೆ', ಎಂದರೆ 'ನಾಡಿನ ಜನ' ಎಂಬ ಸಂಘಟನೆ ರೈತರು, ಕೂಲಿಕಾರರು, ವ್ಯಾಪಾರಿಗಳನ್ನು ಧರ್ಮಕೇಂದ್ರದ ಮಟ್ಟದಲ್ಲಿ ಒಂದೇ ಮೇಜಿನ ಸುತ್ತ ಕೂರಿಸಿತು. ಡೊನೆಗಾಲ್ ಜಿಲ್ಲೆಯ ಗ್ಲೆನ್‌ಕಾಲಮ್‌ಕಿಲ್‌ಗೆ 1951ರಲ್ಲಿ ಬಂದ ವಂದನೀಯ ಜೇಮ್ಸ್ ಮೆಕ್‌ಡಯರ್ ವಲಸೆಯನ್ನು ಕಂಡು ಸುಮ್ಮನಿರಲಿಲ್ಲ. ಸಹಕಾರಿ ಉದ್ಯಮಗಳನ್ನು ಆರಂಭಿಸಿ, 1967ರಲ್ಲಿ ಊರವರ ಶ್ರಮದಿಂದ ಹಳೆಯ ಮನೆಗಳ ಮಾದರಿಯ ಜನಪದ ಗ್ರಾಮವನ್ನು ತೆರೆದರು.

ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಅವಕಾಶ ಕೊಟ್ಟಾಗ ಜನಪದ ಸಂಗೀತ ಪೂಜಾಪೀಠದ ಬಳಿಗೂ ಬಂತು. ಸಂಗೀತ ಸಂಯೋಜಕ ಶಾನ್ ಓ ರೀಯಾಡ 1960ರ ದಶಕದಲ್ಲಿ ಕಾರ್ಕ್ ಜಿಲ್ಲೆಯ ಕೂಲೇ ಎಂಬ ಐರಿಷ್ ಮಾತನಾಡುವ ಹಳ್ಳಿಯಲ್ಲಿ ನೆಲೆಸಿ, ಅಲ್ಲಿಯ ಗಂಡಸರ ಗಾಯನ ಮಂಡಳಿ ಕಟ್ಟಿ, ಊರಿನ ಹಾಡುಗಾರಿಕೆಯ ಧಾಟಿಯಲ್ಲೇ ಬಲಿಪೂಜೆಯ ಸಂಗೀತ ರಚಿಸಿದರು. 1971ರಲ್ಲಿ, 40ನೇ ವಯಸ್ಸಿನಲ್ಲೇ ಅವರು ತೀರಿಕೊಂಡ ಮೇಲೂ ಅವರ ಮಗ ಆ ಮಂಡಳಿಯನ್ನು ಮುಂದುವರಿಸಿದರು.

ಮಕ್ಕಳು ಬರೆದ ಪರಂಪರೆ

1937ರಿಂದ 1939ರವರೆಗೆ ಐರಿಷ್ ಜನಪದ ಆಯೋಗ ಒಂದು ಅಪೂರ್ವ ಕೆಲಸ ಮಾಡಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ, ಮನೆಯ ಹಿರಿಯರನ್ನು ಕೇಳಿ ಊರಿನ ಕಥೆ, ಮನೆಮದ್ದು, ಪವಿತ್ರ ಬಾವಿ, ಹಬ್ಬ, ಕಸುಬು, ಕ್ಷಾಮದ ನೆನಪುಗಳನ್ನು ಬರೆದು ತರುವಂತೆ ಹೇಳಲಾಯಿತು. ಸಂಗ್ರಹವಾದದ್ದು ಸುಮಾರು 7 ಲಕ್ಷ 40 ಸಾವಿರ ಪುಟ. ಇಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ತಮ್ಮ ಊರಿನ ಹೆಸರು ಹುಡುಕಿ ಅಂದಿನ ಮಗುವಿನ ಕೈಬರಹವನ್ನೇ ಓದಬಹುದು. ಇದಕ್ಕೆ ಬೇಕಾಗಿದ್ದು ಒಂದು ನೋಟ್‌ಪುಸ್ತಕ, ಉತ್ಸಾಹಿ ಶಿಕ್ಷಕರು ಮತ್ತು ಮಾತನಾಡಲು ಸಿದ್ಧವಿದ್ದ ಅಜ್ಜ ಅಜ್ಜಿಯರು.

ವಿಲ್ಲಿ ಕ್ಲಾನ್ಸಿ ಮತ್ತು ಬೇಸಿಗೆ ಶಾಲೆ

ಈಗ ಮಿಲ್‌ಟೌನ್ ಮಾಲ್‌ಬೇಗೆ ಮರಳೋಣ. ವಿಲ್ಲಿ ಕ್ಲಾನ್ಸಿ 1918ರಲ್ಲಿ ಈ ಪೇಟೆಯ ಸಮೀಪ ಹುಟ್ಟಿದವರು. ಕಸುಬಿನಲ್ಲಿ ಬಡಗಿ. ತಂದೆ ತಾಯಿ ಇಬ್ಬರೂ ಸಂಗೀತ ಬಲ್ಲವರು. ತಂದೆ ಗಿಲ್ಬರ್ಟ್, ಗ್ಯಾರೆಟ್ ಬ್ಯಾರಿ ಎಂಬ ಅಂಧ ವಾದಕರ ರಾಗಗಳನ್ನು ಕೇಳಿ ಬೆಳೆದಿದ್ದರು. ಮಗ ಅವುಗಳನ್ನು ತಂದೆಯಿಂದ ಪಡೆದರು. ವಿಲ್ಲಿ ನುಡಿಸುತ್ತಿದ್ದುದು ಇಲ್ಲನ್ ಪೈಪ್ಸ್. 'ಇಲ್ಲನ್' ಎಂದರೆ ಮೊಣಕೈ. ಇದನ್ನು ಬಾಯಿಯಿಂದ ಊದುವುದಿಲ್ಲ. ಒಂದು ಮೊಣಕೈಯಡಿ ತಿದಿ, ಇನ್ನೊಂದು ಮೊಣಕೈಯಡಿ ಗಾಳಿಚೀಲ. ಎರಡು ಸಪ್ತಕ ನುಡಿಯುವ ಕೊಳವೆಯೊಂದು, ಸದಾ ಶ್ರುತಿ ಹಿಡಿಯುವ ಕೊಳವೆಗಳು ಮೂರು, ಮಣಿಕಟ್ಟಿನಿಂದ ಒತ್ತಿ ಜೊತೆಸ್ವರ ಕೊಡುವ ಕೊಳವೆಗಳು ಮೂರು. ಕಲಿಯಲು ವರ್ಷಗಳೇ ಬೇಕು. 1968ರಲ್ಲಿ ಇದರ ವಾದಕರು ಸಂಘ ಕಟ್ಟಿಕೊಂಡಾಗ ನುಡಿಸುವವರು ನೂರಕ್ಕಿಂತ ಕಡಿಮೆ ಇದ್ದರು.

1973ರ ಜನವರಿಯಲ್ಲಿ ವಿಲ್ಲಿ ಕ್ಲಾನ್ಸಿ ನಿಧನರಾದರು. ಗೆಳೆಯರು ಮತ್ತು ಊರವರು ಅವರ ನೆನಪಿಗಾಗಿ ಅದೇ ವರ್ಷ ಬೇಸಿಗೆ ಶಾಲೆ ಆರಂಭಿಸಿದರು. ಇಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಬೆಳಿಗ್ಗೆ ಶಾಲಾ ಕೊಠಡಿ, ಸಭಾಂಗಣ, ಮನೆಗಳಲ್ಲಿ ಪಾಠ, ಮಧ್ಯಾಹ್ನ ಉಪನ್ಯಾಸ, ಕುಣಿತದ ಅಭ್ಯಾಸ, ರಾತ್ರಿ ಕೇಲಿ. ಪಾಠ ಹೇಳುವವರಲ್ಲಿ ಹೆಸರಾಂತ ಕಲಾವಿದರಿದ್ದಾರೆ. ರಾತ್ರಿ ಪಬ್ಬಿನ ಮೂಲೆಯಲ್ಲಿ ಗುರು ಮತ್ತು ಹತ್ತು ವರ್ಷದ ಶಿಷ್ಯೆ ಅಕ್ಕಪಕ್ಕ ಕುಳಿತು ನುಡಿಸುವುದು ಸಾಮಾನ್ಯ. ಹಿಂದೆ ಅಡುಗೆಮನೆ ಮಾಡುತ್ತಿದ್ದ ಕೆಲಸವನ್ನು ಈಗ ಇಡೀ ಪೇಟೆ ಮಾಡುತ್ತಿದೆ. ಕೊರೊನಾದಿಂದಾಗಿ 2020 ಮತ್ತು 2021ರಲ್ಲಿ ನಿಂತಿದ್ದ ಶಾಲೆ 2022ರಲ್ಲಿ ಮತ್ತೆ ಕೂಡಿತು. 2017ರಲ್ಲಿ ಯುನೆಸ್ಕೋ ಇಲ್ಲನ್ ಪೈಪ್ಸ್ ವಾದನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದಿನ ಸ್ಥಿತಿ

ಕಷ್ಟಗಳು ಮುಗಿದಿಲ್ಲ. 2018ರಲ್ಲಿ ದೇಶದಾದ್ಯಂತ 150ಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಗಳನ್ನು ಮುಚ್ಚುವ ನಿರ್ಧಾರವಾಯಿತು. ಕಥೋಲಿಕರೆಂದು ಹೇಳಿಕೊಂಡವರು 2016ರ ಜನಗಣತಿಯಲ್ಲಿ ಸುಮಾರು 79 ಶೇಕಡಾ ಇದ್ದವರು 2022ರಲ್ಲಿ 69 ಶೇಕಡಾ ಆದರು. ಧರ್ಮಗುರುಗಳ ಕೊರತೆಯಿಂದ ಹಲವು ಧರ್ಮಕೇಂದ್ರಗಳು ಒಬ್ಬರೇ ಗುರುಗಳನ್ನು ಹಂಚಿಕೊಳ್ಳುತ್ತಿವೆ. ಇಂತಹ ಹೊತ್ತಿನಲ್ಲೂ ಊರನ್ನು ಹಿಡಿದಿಟ್ಟಿರುವುದು ಸಂಬಳವಿಲ್ಲದೆ ದುಡಿಯುವ ಜನ: ಮಕ್ಕಳಿಗೆ ಆಟ ಕಲಿಸುವವರು, ಗಾಯನ ಮಂಡಳಿ ನಡೆಸುವವರು, 1958ರಲ್ಲಿ ಆರಂಭವಾದ ಸ್ವಚ್ಛ ಪೇಟೆ ಸ್ಪರ್ಧೆಗಾಗಿ ಬೀದಿ ಗುಡಿಸಿ ಹೂಗಿಡ ನೆಡುವವರು, ವಾರಕ್ಕೊಮ್ಮೆ ಪಿಟೀಲು ಪಾಠ ಹೇಳುವವರು.

ಕ್ಲೇರ್ ಜಿಲ್ಲೆಯ ಅನುಭವ ನಮಗೆ ಹೇಳುವುದು ಇಷ್ಟೇ. ಜನರ ಸಂತೋಷವನ್ನು ಶಂಕೆಯಿಂದ ನೋಡಿ ಬೀಗ ಹಾಕಿದಾಗ ಧರ್ಮಕೇಂದ್ರವೇ ಬಡವಾಯಿತು. ಅವರ ನಡುವೆ ಕುಳಿತು, ಕೇಳಿ, ಬರೆದುಕೊಂಡು, ಜಾಗ ಮಾಡಿಕೊಟ್ಟಾಗ ಊರೂ ಉಳಿಯಿತು, ಹಾಡೂ ಉಳಿಯಿತು. ನಮ್ಮ ನಮ್ಮ ಮನೆಗಳಲ್ಲಿ ಹಿರಿಯರು ಇನ್ನೂ ಹಾಡಬಲ್ಲವರಿರುವಾಗಲೇ ಅವರ ಬಳಿ ಕುಳಿತು ಕೇಳುವ ವ್ಯವಧಾನ ನಮಗಿರಲಿ.