ಬಾಸ್ ಜೊತೆ ಡ್ಯುಯೆಟ್ ಬೇಡ ಅಂದ್ರೆ ಯಾವ ಹಾಡು ಹಾಕ್ಬೇಕು?

ಇವತ್ತಿನ ಕತೆ ಒಂದು ಗುಂಡಿಯಿಂದ ಶುರುವಾಗುತ್ತೆ. ಜಪಾನಿನ ಕರೋಕೆ ಯಂತ್ರಗಳಲ್ಲಿ ‘ವಾರಿಕೊಮಿ’ ಅಂತ ಒಂದು ಗುಂಡಿ ಇರುತ್ತೆ. ಅಂದ್ರೆ ಮಧ್ಯೆ ನುಗ್ಗೋದು. ಸರದಿಯಲ್ಲಿ ಹತ್ತು ಹಾಡು ಕಾಯ್ತಿದ್ರೂ ಪರವಾಗಿಲ್ಲ, ಅದನ್ನ ಒತ್ತಿದ್ರೆ ನಿಮ್ಮ ಹಾಡೇ ಮುಂದಿನದು. ಕ್ಯೂ ಅಂದ್ರೆ ದೇವರು ಅನ್ನೋ ದೇಶದಲ್ಲಿ ಹಾಗೆ ಮಾಡೋದು ಎಷ್ಟು ಕೆಟ್ಟದಾಗಿ ಕಾಣುತ್ತೆ ಅಂತ ನೀವೇ ಯೋಚಿಸಿ. ಅಂಥದ್ದನ್ನ ನಮ್ಮ ಆಫೀಸಿನ ಅತ್ಯಂತ ಮೆದು ಮಾತಿನ ಹೆಂಗಸೊಬ್ಬರು ಒತ್ತಿದ್ದನ್ನ ನಾನು ಕಣ್ಣಾರೆ ನೋಡಿದೆ.

2018ರ ಡಿಸೆಂಬರ್. ನಾನು ಬೆಂಗಳೂರಿನಿಂದ ಟೋಕಿಯೊಗೆ ಹೋಗಿ ನಾಲ್ಕೇ ತಿಂಗಳಾಗಿತ್ತು. ವರ್ಷದ ಕೊನೆಯ ಪಾರ್ಟಿಗೆ ಅಲ್ಲಿ ‘ಬೋನೆನ್‌ಕಾಯಿ’ ಅಂತಾರೆ. ಊಟ ಮುಗಿದ ಮೇಲೆ ಎರಡನೇ ಸುತ್ತು, ಕರೋಕೆ. ನಮ್ಮ ಕಡೆ ಕರೋಕೆ ಅಂದ್ರೆ ವೇದಿಕೆ ಮೇಲೆ ಟ್ರ್ಯಾಕ್ ಹಾಕಿ ಹಾಡೋದು, ಇಲ್ಲಾ ಫೋನಲ್ಲಿ ಸ್ಮ್ಯೂಲ್. ಅಲ್ಲಿ ಅದು ಒಂದು ಪುಟ್ಟ ಕೋಣೆ, ಗಂಟೆ ಲೆಕ್ಕದ ಬಾಡಿಗೆ. ನಮ್ಮ ವಿಭಾಗದ ಮುಖ್ಯಸ್ಥರು ಟ್ಯಾಬ್ಲೆಟ್ ಹಿಡ್ಕೊಂಡು ಒಂದು ಹಳೇ ಡ್ಯುಯೆಟ್ ಸರದಿಗೆ ಸೇರಿಸಿದ್ರು. ‘ಗಿಂಜಾ ನೊ ಕೊಯಿ ನೊ ಮೊನೊಗತಾರಿ’, ಗಿಂಜಾದ ಪ್ರೇಮಕತೆ, 1961ರದ್ದು. ಆಮೇಲೆ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯ ಕಡೆ ಎರಡನೇ ಮೈಕ್ ಚಾಚಿದ್ರು. ಅವಳು ನಕ್ಕಳು. ಅದು ಖುಷಿಯ ನಗು ಅಲ್ಲ.

ಆಗ ನಾನು ಹೇಳಿದ ಹೆಂಗಸು, ಐವತ್ತು ದಾಟಿದವರು, ನಾನು ಮನಸ್ಸಲ್ಲೇ ಅಕ್ಕ ಅಂತಿದ್ದೆ, ಆ ಗುಂಡಿ ಒತ್ತಿದ್ರು. ಪರದೆ ಮೇಲೆ ಬಂದ ಹಾಡು ‘ಅಮಾಗಿ ಗೋಯೆ’. ಎದ್ದು ನಿಂತು ಪೂರ್ತಿ ಹಾಡಿದ್ರು. ಅದರ ಹಿಂದೆಯೇ ಇನ್ನೊಂದು. ಅಷ್ಟರಲ್ಲಿ ಗೋಡೆಯ ಫೋನ್ ಬಾರಿಸ್ತು, ಇನ್ನು ಹತ್ತೇ ನಿಮಿಷ ಬಾಕಿ ಅಂತ. ಡ್ಯುಯೆಟ್ ನಡೀಲೇ ಇಲ್ಲ.

ಅದೇ ಹಾಡು ಯಾಕೆ? ಅದು ಗೊತ್ತಾಗ್ಬೇಕಾದ್ರೆ ಸ್ವಲ್ಪ ಹಿಂದೆ ಹೋಗ್ಬೇಕು.

‘ಕರಾ’ ಅಂದ್ರೆ ಖಾಲಿ, ‘ಒಕೆ’ ಅಂದ್ರೆ ಆರ್ಕೆಸ್ಟ್ರಾ ಪದದ ತುಂಡು. ಕೊಬೆ ನಗರದ ಬಾರ್‌ಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸ್ತಿದ್ದ ಇನೊವೆ ದೈಸುಕೆ 1971ರಲ್ಲಿ ಕಾರ್ ಸ್ಟೀರಿಯೊ, ಮೈಕ್, ನಾಣ್ಯದ ಡಬ್ಬಿ ಜೋಡಿಸಿ ಒಂದು ಯಂತ್ರ ಮಾಡಿ 11 ಪೆಟ್ಟಿಗೆಗಳನ್ನ ಬಾರ್‌ಗಳಿಗೆ ಬಾಡಿಗೆಗೆ ಬಿಟ್ಟ. 100 ಯೆನ್ ಹಾಕಿದ್ರೆ ಒಂದು ಹಾಡು. ಅದಕ್ಕೂ ಮುಂಚೆ, 1967ರಲ್ಲೇ, ಟೋಕಿಯೊದಲ್ಲಿ ನೆಗಿಶಿ ಶಿಗೆಇಚಿ ಇಂಥದ್ದೊಂದು ಪೆಟ್ಟಿಗೆ ಮಾಡಿದ್ದ. ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಪಾಪ!

ಇಲ್ಲಿ ಗಮನಿಸಬೇಕಾದ್ದು ಆ ಪೆಟ್ಟಿಗೆ ಇದ್ದ ಜಾಗ. ರಾತ್ರಿಯ ಬಾರ್. ದುಡ್ಡು ಕೊಡೋನು ಗಂಡಸು, ಹಾಡೋನೂ ಅವನೇ. ಹೆಂಗಸು ಅಲ್ಲಿ ಗ್ಲಾಸು ತುಂಬೋಳು, ಚಪ್ಪಾಳೆ ತಟ್ಟೋಳು, ಕರೆದ್ರೆ ಡ್ಯುಯೆಟ್‌ಗೆ ದನಿ ಸೇರಿಸೋಳು. ಆಫೀಸಿನ ಹುಡುಗಿಯರು ಪಾರ್ಟಿಗೆ ಹೋದಾಗಲೂ ಇದೇ ಪಾತ್ರ ಅವರ ಪಾಲಿಗೆ ಬರ್ತಿತ್ತು.

ಹಾಗಂತ ಹೆಂಗಸರ ಹಾಡು ಇರಲಿಲ್ಲ ಅಂತಲ್ಲ. ‘ಎಂಕಾ’ ಅಂತ ಒಂದು ಬಗೆ ಇದೆ. ವಿರಹ, ಸಮುದ್ರ, ಹಿಮ, ಊರು ಬಿಟ್ಟ ನೋವು, ಜೊತೆಗೆ ಕಂಠವನ್ನ ತಿರುಗಿಸಿ ತಿರುಗಿಸಿ ಹಾಡೋ ‘ಕೊಬುಶಿ’. ನಮ್ಮ ಗಮಕದ ದೂರದ ನೆಂಟ ಅನ್ನಿ. ಇದರ ದೊಡ್ಡ ಹೆಸರು ಇಶಿಕಾವಾ ಸಯುರಿ. 1977ರಲ್ಲಿ ಬಂದ ‘ತ್ಸುಗರು ಕೈಕ್ಯೊ ಫುಯುಗೆಶಿಕಿ’ ಅವರಿಗೆ ಹೆಸರು ತಂದುಕೊಟ್ಟ ಹಾಡು. ಒಬ್ಬಳೇ ಹೆಣ್ಣು ಟೋಕಿಯೊದಿಂದ ರಾತ್ರಿ ರೈಲಿನಲ್ಲಿ ಉತ್ತರಕ್ಕೆ ಹೋಗಿ ಹೊಕ್ಕೈಡೊ ಕಡೆಯ ಹಡಗು ಹತ್ತೋ ಕತೆ. ಆ ಹಡಗಿನ ಓಡಾಟ 1988ರಲ್ಲಿ ನಿಂತೇಹೋಯ್ತು, ಸಮುದ್ರದಡಿ 53 ಕಿಲೋಮೀಟರಿಗೂ ಉದ್ದದ ಸುರಂಗ ಬಂತು. ಹಾಡನ್ನ ಮಾತ್ರ ಇವತ್ತಿಗೂ ಹಾಡ್ತಾರೆ. ಸಾಹಿತ್ಯ ಬರೆದವರು ಅಕು ಯು. ಗಂಡಸು. ಹೆಣ್ಣಿನ ಅಳು ಅಂತ ಪ್ರಸಿದ್ಧವಾದ ಇಂಥ ಹಾಡುಗಳಲ್ಲಿ ಬಹುಪಾಲು ಬರೆದವರು ಗಂಡಸರೇ. ಇದು ನನಗೆ ಮೊದಲು ಕಿರಿಕಿರಿ ಆಗಿತ್ತು. ಆಮೇಲೆ, ನಮ್ಮ ಸಿನಿಮಾದ ನಾಯಕಿಯರ ಹಾಡುಗಳನ್ನ ಬರೆದವರು ಯಾರು ಅಂತ ನೆನಪಿಸಿಕೊಂಡು ಸುಮ್ಮನಾದೆ.

ಈಗ 1986ಕ್ಕೆ ಬನ್ನಿ. ಆ ವರ್ಷ ಒಂದರ ಹಿಂದೆ ಒಂದು ಮೂರು ಸಂಗತಿ ನಡೀತವೆ. ಫೆಬ್ರವರಿಯಲ್ಲಿ ತೈವಾನಿನ ಗಾಯಕಿ ಟೆರೆಸಾ ಟೆಂಗ್ ಅವರ ‘ತೊಕಿ ನೊ ನಗರೆ ನಿ ಮಿ ಒ ಮಕಾಸೆ’ ಬಂತು. ಪ್ರೀತಿಸಿದವನ ಬಣ್ಣವೇ ತನ್ನ ಬಣ್ಣ ಅಂತ ಪೂರ್ತಿ ಒಪ್ಪಿಸಿಕೊಂಡ ಹೆಣ್ಣಿನ ಹಾಡು. ನಿಧಾನ, ಇಂಪು, ಮಾತು ಸ್ಪಷ್ಟ. ಹಾಡಿದವರೂ ನನ್ನಂಥ ಹೊರಗಿನವರೇ. ಏಪ್ರಿಲ್‌ನಲ್ಲಿ ಸಮಾನ ಉದ್ಯೋಗಾವಕಾಶ ಕಾಯ್ದೆ ಜಾರಿಗೆ ಬಂತು. ಹಲ್ಲಿಲ್ಲದ ಕಾಯ್ದೆ. ನೇಮಕಾತಿ, ಬಡ್ತಿಯಲ್ಲಿ ಹೆಂಗಸರನ್ನ ಸಮಾನವಾಗಿ ಕಾಣಲು ಕಂಪನಿಗಳು ‘ಪ್ರಯತ್ನಿಸಬೇಕು’ ಅಂತಷ್ಟೇ ಇತ್ತು. ಜುಲೈನಲ್ಲಿ ಬಂದಿದ್ದು ‘ಅಮಾಗಿ ಗೋಯೆ’.

ಅಷ್ಟೊತ್ತಿಗೆ ಕರೋಕೆ ಎಲ್ಲೆಲ್ಲೂ ಹರಡಿತ್ತು. ಯಾರು ಬೇಕಾದ್ರೂ ಹಾಡಬಹುದಾದ ಸುಲಭದ ಹಾಡು ಮಾಡಿದ್ರೆ ಚೆನ್ನಾಗಿ ಓಡುತ್ತೆ ಅನ್ನೋ ಕಾಲ. ಇಶಿಕಾವಾ ಮತ್ತು ಅವರ ತಂಡ ಬೇಕಂತಲೇ ಉಲ್ಟಾ ಹೊಡೀತು. ಬೇರೆ ಯಾರಿಗೂ ಸುಲಭಕ್ಕೆ ದಕ್ಕಬಾರದು, ಇಶಿಕಾವಾ ಮಾತ್ರ ಹಾಡಬೇಕು ಅಂಥ ಹಾಡು ಮಾಡೋಣ ಅಂತ. ಯೊಶಿಯೊಕಾ ಒಸಾಮು ಬರೆದ್ರು, ಗೆನ್ ತೆತ್ಸು ರಾಗ ಹಾಕಿದ್ರು. ಇಝು ಪರ್ಯಾಯದ್ವೀಪದ ಅಮಾಗಿ ಘಾಟಿ ದಾಟೋ ಹೆಣ್ಣು ಅದರಲ್ಲಿ. ಅವಳು ಒಪ್ಪಿಸಿಕೊಳ್ಳೋಳಲ್ಲ. ಇನ್ನೊಬ್ಬಳ ಪಾಲಾಗೋ ಬದಲು ಅವನನ್ನ ಕೊಂದೇಬಿಡಲೇ ಅನ್ನೋವರೆಗೂ ಹೋಗ್ತಾಳೆ. ತಗ್ಗಿನಲ್ಲಿ ಪಿಸುಗುಟ್ಟಿದಂತೆ ಶುರುವಾಗಿ ಪಲ್ಲವಿಯಲ್ಲಿ ಬೆಂಕಿ.

ಆಮೇಲೆ ಏನಾಯ್ತು ಗೊತ್ತಾ? ಯಾರಿಗೂ ದಕ್ಕಬಾರದು ಅಂತ ಮಾಡಿದ ಆ ಹಾಡೇ ಜಪಾನಿನ ಹೆಂಗಸರ ಕರೋಕೆಯ ಅಚ್ಚುಮೆಚ್ಚಿನದಾಗಿ ಕೂತುಬಿಡ್ತು.

ಅದಕ್ಕೆ ಜಾಗವೂ ಕೂಡಿಬಂತು. 1980ರ ದಶಕದ ನಡುವೆ ಒಕಾಯಾಮಾ ಕಡೆ ಯಾರೋ ಹಳೇ ಸರಕಿನ ಕಂಟೇನರ್‌ಗಳನ್ನ ರಸ್ತೆ ಬದಿಯಲ್ಲಿಟ್ಟು ಒಳಗೆ ಕರೋಕೆ ಹಾಕಿದ್ರು. ಅದೇ ‘ಕರೋಕೆ ಬಾಕ್ಸ್’. ಮದ್ಯ ಬೇಕಿಲ್ಲ, ರಾತ್ರಿ ಆಗಬೇಕಿಲ್ಲ, ಗಂಡಸು ಕರ್ಕೊಂಡು ಹೋಗಬೇಕಿಲ್ಲ. ಶಾಲೆ ಬಿಟ್ಟ ಹುಡುಗಿಯರು, ಮಧ್ಯಾಹ್ನ ಬಿಡುವಾದ ಗೃಹಿಣಿಯರು ಬಾಗಿಲು ಹಾಕ್ಕೊಂಡು ಹಾಡಬಹುದು. ಹೆಂಗಸರೇ ಬರೆದು ಹಾಡಿದ ಹಾಡುಗಳೂ ಆ ಕೋಣೆಗಳಿಗೆ ಬಂದ್ವು. ನಕಾಜಿಮಾ ಮಿಯುಕಿ ಅವರ ‘ಇತೊ’ (ಅಂದ್ರೆ ನೂಲು) 1992ರದ್ದು. ಇಬ್ಬರ ಬದುಕನ್ನ ಹಾಸುಹೊಕ್ಕಿಗೆ ಹೋಲಿಸೋ ಹಾಡು, ಈಗಲೂ ಮದುವೆಗಳಲ್ಲಿ ಕೇಳಿಸುತ್ತೆ. 1995ರ ಇವಾಂಜೆಲಿಯನ್ ಅನಿಮೆಯ ಶೀರ್ಷಿಕೆ ಗೀತೆ ನಿಮ್ಮಲ್ಲಿ ಕೆಲವರಿಗೆ ಬಾಯಿಪಾಠವೇ ಇರಬೇಕು. ಅದರ ಸಾಹಿತ್ಯ ಒಯಿಕಾವಾ ನೆಕೊ ಅನ್ನೋ ಹೆಂಗಸಿನದು.

ಆದ್ರೆ ಆಫೀಸಿನ ಎರಡನೇ ಸುತ್ತು ಅಷ್ಟು ಬೇಗ ಬದಲಾಗಲಿಲ್ಲ. ಎಷ್ಟರಮಟ್ಟಿಗೆ ಅಂದ್ರೆ, ಜಪಾನಿನ ರಾಷ್ಟ್ರೀಯ ಸಿಬ್ಬಂದಿ ಪ್ರಾಧಿಕಾರ ಸರ್ಕಾರಿ ನೌಕರರಿಗಾಗಿ ಲೈಂಗಿಕ ಕಿರುಕುಳ ಅಂದ್ರೆ ಏನು ಅಂತ ಪಟ್ಟಿ ಮಾಡುವಾಗ ‘ಕರೋಕೆಯಲ್ಲಿ ಡ್ಯುಯೆಟ್ ಹಾಡಲು ಒತ್ತಾಯಿಸುವುದು’ ಅಂತ ಬಿಡಿಸಿ ಬರೀಬೇಕಾಯ್ತು. ಸರ್ಕಾರಿ ಕಾಗದದಲ್ಲಿ ಕರೋಕೆ!

ಒಂದು ವರ್ಷ ಆದಮೇಲೆ ಅಕ್ಕನನ್ನ ಧೈರ್ಯ ಮಾಡಿ ಕೇಳಿದೆ, ಅವತ್ತು ಯಾಕೆ ಹಾಗೆ ಮಾಡಿದ್ರಿ ಅಂತ. ಅವರು 1984ರಲ್ಲಿ ಕೆಲಸಕ್ಕೆ ಸೇರಿದವರು. ದಿನಕ್ಕೆ ಎರಡು ಸಲ ಗಂಡಸರ ಮೇಜುಗಳಿಗೆಲ್ಲ ಚಹಾ ಕೊಡೋದು, ಪಾರ್ಟಿಯಲ್ಲಿ ಅದೇ ಗಿಂಜಾ ಹಾಡು, ಹೆಗಲ ಮೇಲೆ ಯಾರದ್ದೋ ಕೈ. ‘ಬೇಡ ಅನ್ನೋಕೆ ನಮಗೆ ಮಾತು ಇರಲಿಲ್ಲ’ ಅಂದ್ರು. ‘ಅಮಾಗಿ ಗೋಯೆ ಬಂದಮೇಲೆ ನಾವು ಮೂರು ಜನ ಹುಡುಗಿಯರು ಸೇರಿ ಅದನ್ನ ಕಲಿತ್ವಿ. ಅದರಲ್ಲಿ ಗಂಡು ದನಿಗೆ ಜಾಗ ಇಲ್ಲ. ಅಷ್ಟು ಕಷ್ಟದ ಹಾಡು, ಪಕ್ಕದಲ್ಲಿ ನಿಂತು ಯಾರೂ ಸೇರಿಕೊಳ್ಳೋಕಾಗಲ್ಲ. ಹಾಡು ಮುಗಿಯೋವರೆಗೂ ಯಾರೂ ಮುಟ್ಟಲ್ಲ.’

ವಾಪಸ್ ಬರೋ ಮುಂಚೆ ನಾನೂ ಒಬ್ಬಳೇ ಒಂದು ಕೋಣೆ ಹಿಡಿದೆ. ಒಬ್ಬರೇ ಹಾಡೋಕೆ ‘ಹಿತೊಕರಾ’ ಅಂತ ಹೆಸರೇ ಇದೆ ಅಲ್ಲಿ. ಶ್ರುತಿ ಎರಡು ಮೆಟ್ಟಿಲು ಇಳಿಸಿದೆ, ಅದಕ್ಕೂ ಗುಂಡಿ ಇರುತ್ತೆ. ಯಂತ್ರ ಪರದೆ ಮೇಲೆ ಸ್ವರದ ಗೆರೆ ತೋರಿಸ್ತಾ, ಕೊಬುಶಿ ಎಷ್ಟು ಬಂತು ಅಂತ ಎಣಿಸ್ತಾ ಇತ್ತು. ಕೊನೆಗೆ 71 ಅಂಕ ಕೊಟ್ಟಿತು. ಅಕ್ಕನಿಗೆ ಫೋಟೊ ಕಳಿಸಿದೆ. ‘ಪಲ್ಲವಿಯಲ್ಲಿ ಉಸಿರು ಬೇಗ ಬಿಡ್ತಿದೀಯ, ಇನ್ನೊಂದ್ಸಲ ಹಾಡು’ ಅಂತ ಉತ್ತರ ಬಂತು. ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು, ಹಾಡಿದೆ.